ಒಂದು ಪ್ಲೇಟು ದೋಸೆಗೆ ಐದು ಲಕ್ಷದ ದಂಡವೇ?

ಕಳೆದ ತಿಂಗಳು ನಮ್ಮ ಊರಿನ ಮಹಿಳಾ ಸಂಘದ ವಾರದ ಸಭೆಗೆ ಒಂದು ಸಾಲದ ಅರ್ಜಿ ಬಂತು. ಕೇಳಿದ್ದು ಮೂರು ಲಕ್ಷ ರೂಪಾಯಿ. ಕಾರಣ, "ಮಗಳ ಮದುವೆ". ಅರ್ಜಿ ಕೊಟ್ಟ ತಾಯಿ ಸಂಘ ಶುರುವಾದ ದಿನದಿಂದಲೂ ಒಂದು ವಾರ ಉಳಿತಾಯ ತಪ್ಪಿಸಿದವಳಲ್ಲ. ಒಂದು ಕಂತು ಬಾಕಿ ಉಳಿಸಿದವಳಲ್ಲ. ಸಾಲ ಕೊಡಬಾರದು ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ನಾನು ಮಾತ್ರ ಕೇಳಿದೆ: "ನಿನ್ನ ಮಗಳು ಬೆಂಗಳೂರಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾಳಲ್ಲ, ಈಗ ಯಾಕಮ್ಮ ಮದುವೆ?" ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ಮೇಡಂ, ಅವಳು ಹಾಳಾಗಿ ಹೋದಳು."

ಹಾಳಾಗಿದ್ದು ಹೇಗೆ? ನೆಂಟರ ಹುಡುಗನೊಬ್ಬ ಒಂದು ಶನಿವಾರ ಸಂಜೆ ವಿ.ವಿ. ಪುರಂನ ತಿಂಡಿ ಬೀದಿಯಲ್ಲಿ ಅವಳನ್ನು ನೋಡಿದನಂತೆ. ಜೊತೆಗೆ ಒಬ್ಬ ಹುಡುಗ. ಇಬ್ಬರೂ ನಿಂತುಕೊಂಡು ಒಂದೇ ತಟ್ಟೆಯಲ್ಲಿ ದೋಸೆ ತಿನ್ನುತ್ತಿದ್ದರು. ಒಂದೇ ಇಯರ್‌ಫೋನಿನ ಎರಡು ತುದಿಗಳನ್ನು ಆಳಿಗೊಂದರಂತೆ ಕಿವಿಗೆ ಸಿಕ್ಕಿಸಿಕೊಂಡು ಹಾಡು ಕೇಳುತ್ತಿದ್ದರು. ಆ ನೆಂಟ ಮೊಬೈಲಿನಲ್ಲಿ ವಿಡಿಯೋ ಮಾಡಿದ. ರಾತ್ರಿ ಊಟದ ಹೊತ್ತಿಗೆ ಅದು ಅಪ್ಪನ ಫೋನಿಗೆ ಬಂತು, ಬೆಳಗಾಗುವಷ್ಟರಲ್ಲಿ ಊರಿನ ಅರ್ಧ ಜನರ ಫೋನಿಗೆ ಹೋಯಿತು. ಮೂರು ವಾರದೊಳಗೆ ಗಂಡು ಗೊತ್ತಾಯಿತು. ಐದು ಲಕ್ಷ ನಗದು, ನೂರು ಗ್ರಾಂ ಚಿನ್ನ, ಒಂದು ಬೈಕು. ಸಂಘದ ಸಾಲ ಮೂರು ಲಕ್ಷ. ಉಳಿದದ್ದಕ್ಕೆ ಇರುವ ಅರ್ಧ ಎಕರೆ ಅಡವು.

ಗೆಳತಿಯರೇ, ಲೆಕ್ಕ ಬರೆಯುವುದನ್ನು ಸಂಘ ನಮಗೆಲ್ಲ ಕಲಿಸಿದೆ. ಹಾಗಿದ್ದರೆ ಈ ಲೆಕ್ಕವನ್ನೂ ನೋಡೋಣ. ತಿಂಗಳಿಗೆ ನೂರಕ್ಕೆ ಒಂದೇ ರೂಪಾಯಿ ಬಡ್ಡಿ ಹಿಡಿದರೂ ಮೂರು ಲಕ್ಷಕ್ಕೆ ತಿಂಗಳ ಬಡ್ಡಿ 3,000 ರೂಪಾಯಿ. ಆ ಹುಡುಗಿ 80 ರೂಪಾಯಿಯ ದೋಸೆಯನ್ನು ದಿನಕ್ಕೊಂದರಂತೆ ತಿಂದರೂ ತಿಂಗಳಿಗೆ ಆಗುವುದು 2,400. ಮಗಳು ಒಂದು ದೋಸೆ ತಿಂದಳೆಂದು ನಾವು ಕೊಡಹೊರಟ ದಂಡದ ಬಡ್ಡಿಯೇ ಅವಳ ವರ್ಷಪೂರ್ತಿಯ ದೋಸೆಗಿಂತ ದುಬಾರಿ. ಅಸಲಿನ ಮಾತು ಹಾಗಿರಲಿ.

ಹಿರಿಯಳೆಂದು, ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳೆಂದು, ಹುಡುಗಿಗೆ ಬುದ್ಧಿ ಹೇಳಲು ನನ್ನನ್ನೇ ಕಳಿಸಿದರು. ಹೋದೆ. ಬುದ್ಧಿ ಹೇಳಲು ಹೋದವಳು ಬುದ್ಧಿ ಕಲಿತು ಬಂದೆ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ.

ಹಾಸ್ಟೆಲಿನಲ್ಲಿ ಬೆಳಿಗ್ಗೆ ಆರಕ್ಕೆ ಏಳುತ್ತಾಳೆ. ನೀರಿಗೆ ಸರದಿ ನಿಂತು ಸ್ನಾನ ಮಾಡಿ, ತಿಂಡಿ ತಿಂದು, ಬಸ್ಸು ಹಿಡಿಯುತ್ತಾಳೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲವಾದ್ದರಿಂದ ಅಪ್ಪನ ಹತ್ತಿರ ಬಸ್ ಚಾರ್ಜು ಕೇಳುವುದು ತಪ್ಪಿದೆ. ಕಾಲೇಜು ಮುಗಿದ ಮೇಲೆ ಇಬ್ಬರು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಆ ದುಡ್ಡಿನಲ್ಲಿ ಪುಸ್ತಕ, ಪರೀಕ್ಷೆ ಫೀಸು, ತಮ್ಮನಿಗೆ ಒಂದು ಶರಟು. ಮಿಕ್ಕರೆ ಶನಿವಾರ ಸಂಜೆ ಗೆಳತಿಯರ ಜೊತೆ ಎಲ್ಲಿಯಾದರೂ ಒಂದು ಪಡ್ಡು, ಒಂದು ಅಕ್ಕಿರೊಟ್ಟಿ, ಚಳಿಗಾಲದಲ್ಲಿ ಅವರೆಕಾಳಿನ ದೋಸೆ. ಗಣೇಶನ ಹಬ್ಬ ಬಂದರೆ ಪೆಂಡಾಲಿನ ಆರ್ಕೆಸ್ಟ್ರಾ, ರಾಮನವಮಿಗೆ ಸಂಗೀತ, ಉಳಿದ ದಿನ ಫೋನಿನ ಹಾಡು. ಇದು ಅವಳ "ಬೆಂಗಳೂರು ಶೋಕಿ". ಅಂದು ತಿಂದ ದೋಸೆಗೆ ಕೊಟ್ಟ ದುಡ್ಡೂ ಅವಳದೇ. ಆ ಹುಡುಗ ತನ್ನ ಪಾಲು ಕೊಡಲು ಬಂದಾಗ, "ಹೋದ ಸಲ ನೀನು ಕೊಟ್ಟಿದ್ದೆ, ಈ ಸಲ ನಂದು" ಎಂದಳಂತೆ.

"ಆ ಹುಡುಗನ ಮೇಲೆ ಇಷ್ಟ ಇದೆಯೇನಮ್ಮ?" ಎಂದು ಕೇಳಿದೆ.

"ಇದೆ ಮೇಡಂ. ಮದುವೆ ಆಗ್ತೀನೋ ಇಲ್ವೋ ಗೊತ್ತಿಲ್ಲ. ಅದನ್ನ ತಿಳ್ಕೊಳ್ಳೋಕೇ ತಾನೇ ನಾಲ್ಕು ದಿನ ಜೊತೇಲಿ ಓಡಾಡೋದು? ಕೋಪ ಬಂದಾಗ ಹೇಗಿರ್ತಾನೆ, ದುಡ್ಡಿಲ್ಲದಾಗ ಹೇಗಿರ್ತಾನೆ, ನಾನು ಬೇಡ ಅಂದ್ರೆ ಸುಮ್ನಾಗ್ತಾನೋ ಇಲ್ವೋ ನೋಡ್ಬೇಕಲ್ಲ."

ನಾನು ಸುಮ್ಮನಾದೆ. ಏಕೆಂದರೆ ನಮ್ಮನ್ನೆಲ್ಲ ಕೊಟ್ಟ ಮದುವೆಗಳಲ್ಲಿ ಯಾವ ಹಿರಿಯರೂ ಈ ಮೂರು ಪ್ರಶ್ನೆ ಕೇಳಲಿಲ್ಲ. ಹೆಣ್ಣು ನೋಡುವ ಶಾಸ್ತ್ರವನ್ನು ನೆನಪು ಮಾಡಿಕೊಳ್ಳಿ. ಗಂಡಿನ ಕಡೆಯವರು ಹತ್ತು ಮಂದಿ ಬರುತ್ತಾರೆ. ನಮ್ಮ ಮನೆಯ ಉಪ್ಪಿಟ್ಟು, ಕೇಸರಿಬಾತು ತಿನ್ನುತ್ತಾರೆ. ಹುಡುಗಿಯನ್ನು ನಡೆಸಿ ನೋಡುತ್ತಾರೆ, ಹಾಡು ಹೇಳಿಸಿ ಧ್ವನಿ ನೋಡುತ್ತಾರೆ. ಅವಳು ತಲೆ ತಗ್ಗಿಸಿ ಕೂತಿರಬೇಕು. ಅರ್ಧ ಗಂಟೆಯಲ್ಲಿ ಒಂದು ಜೀವಮಾನ ತೀರ್ಮಾನವಾಗುತ್ತದೆ. ಗುರುತಿಲ್ಲದ ಗಂಡಸಿನ ಮುಂದೆ ಹೀಗೆ ಕೂತು ಹಾಡಿದರೆ ಅದು ಸಂಸ್ಕೃತಿ. ಗುರುತಿರುವ ಗೆಳೆಯನ ಜೊತೆ ನಿಂತು ಹಾಡು ಕೇಳಿದರೆ ಅದು ಅನಾಚಾರ. ಒಂದು ಕಡೆ ತಿಂಡಿ ತಿಂದು ಹೋದವರು ಮರುದಿನ ಐದು ಲಕ್ಷ ಕೇಳುತ್ತಾರೆ. ಇನ್ನೊಂದು ಕಡೆ ದೋಸೆ ತಿಂದವನು ತನ್ನ ಪಾಲಿನ ದುಡ್ಡು ಕೊಡಲು ಬರುತ್ತಾನೆ. ಇದರಲ್ಲಿ ಯಾವುದು ಮರ್ಯಾದಸ್ಥರ ರೀತಿ, ನೀವೇ ಹೇಳಿ.

ಈಗ ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಮೂವತ್ತು ವರ್ಷಕ್ಕೂ ಮೇಲಾಯಿತು, ಎಲ್ಲಿಯೂ ಬರೆದಿರಲಿಲ್ಲ.

1992ರಲ್ಲಿ ನಾನು ಪಾಠ ಹೇಳುವುದರ ಜೊತೆಗೆ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಕೆಲಸವನ್ನೂ ನೋಡಿಕೊಳ್ಳುತ್ತಿದ್ದೆ. ಸಂಜೆ ಆರಕ್ಕೆ ಗೇಟು ಮುಚ್ಚಬೇಕು. ಒಬ್ಬ ಹುಡುಗಿ, ಅಂತಿಮ ಬಿ.ಎ., ಒಂದು ದಿನ ಏಳೂವರೆಗೆ ಬಂದಳು. ಸಹಪಾಠಿಯೊಬ್ಬನ ಜೊತೆ ಮ್ಯಾಟಿನಿ ನೋಡಿ, ಹೋಟೆಲಿನಲ್ಲಿ ಕಾಫಿ ಕುಡಿದು ಬಂದಿದ್ದಳು. ಸುಳ್ಳು ಹೇಳಲಿಲ್ಲ, ನಿಜವನ್ನೇ ಹೇಳಿದಳು. ನಾನು ಅವಳ ತಂದೆಗೆ ಒಂದು ಕಾಗದ ಬರೆದೆ: "ನಿಮ್ಮ ಮಗಳ ನಡತೆಯ ಬಗ್ಗೆ ಗಮನ ಹರಿಸಬೇಕಾಗಿ ವಿನಂತಿ." ಒಂದೇ ಸಾಲು, ಕೆಳಗೆ ನನ್ನ ಸಹಿ. ತಂದೆ ಮೂರನೇ ದಿನ ಬಂದು ಟ್ರಂಕಿನ ಸಮೇತ ಕರೆದುಕೊಂಡು ಹೋದರು. ಪರೀಕ್ಷೆಗೆ ಎರಡು ತಿಂಗಳಿತ್ತು. ಆ ಬೇಸಿಗೆಯಲ್ಲೇ ಮದುವೆಯಾಯಿತು. ಅವಸರದ ಮದುವೆಯಾದ್ದರಿಂದ ಗಂಡಿನ ವಿಚಾರಣೆ ಯಾರೂ ಮಾಡಲಿಲ್ಲ. "ಹೆಸರು ಕೆಟ್ಟಿದೆ" ಎಂಬ ಕಾರಣಕ್ಕೆ ಮಾತುಕತೆಯಲ್ಲಿ ವರದಕ್ಷಿಣೆ ಇನ್ನಷ್ಟು ಏರಿತು. ಎರಡು ವರ್ಷ ತುಂಬುವುದರೊಳಗೆ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ: ಸ್ಟೌ ಸಿಡಿದು ಗೃಹಿಣಿ ಸಾವು.

ನಾನು ಸ್ಟೌ ಹಚ್ಚಲಿಲ್ಲ. ಆದರೆ ಆ ಮನೆಯ ಬಾಗಿಲಿನವರೆಗೆ ಅವಳನ್ನು ನೂಕಿದ ಕೈಗಳಲ್ಲಿ ನನ್ನದೂ ಒಂದು. "ನಡತೆ" ಎಂಬ ಒಂದು ಪದ ಸಾಕಾಯಿತು. ಇಂದು ಕಾಗದದ ಬದಲು ವಿಡಿಯೋ ಬಂದಿದೆ, ಅಷ್ಟೇ ವ್ಯತ್ಯಾಸ.

ಗೆಳತಿಯರೇ, ಹೆಣ್ಣಿನ ನಡತೆಯ ಮಾತಿಗೂ ವರದಕ್ಷಿಣೆಗೂ ಇರುವ ನಂಟನ್ನು ನಾವು ಸರಿಯಾಗಿ ಗುರುತಿಸಿಲ್ಲ. ಸಂತೆಯಲ್ಲಿ ದನ ಕೊಳ್ಳುವವನು ಮೊದಲು ಏನು ಮಾಡುತ್ತಾನೆ? ಹಲ್ಲು ಸರಿಯಿಲ್ಲ, ಸುಳಿ ಸರಿಯಿಲ್ಲ ಎಂದು ಹೆಸರಿಡುತ್ತಾನೆ. ಮದುವೆಯ ಮಾತುಕತೆಯಲ್ಲಿ "ಹುಡುಗಿ ಬೆಂಗಳೂರಿನಲ್ಲಿ ಓಡಾಡಿಕೊಂಡಿದ್ದಳಂತೆ" ಎಂಬ ಮಾತು ಮಾಡುವ ಕೆಲಸವೂ ಅದೇ. ಅಪಪ್ರಚಾರ ಹುಟ್ಟಿದ ಕೂಡಲೇ ಹೆತ್ತವರ ತಲೆ ತಗ್ಗುತ್ತದೆ, ಕೇಳುವವರ ದನಿ ಏರುತ್ತದೆ. ಹೀಗಾಗಿ ಮಗಳ ಬಗ್ಗೆ ಊರಿನಲ್ಲಿ ಆಡುವ ಪ್ರತಿಯೊಂದು ಗುಸುಗುಸು ಮಾತೂ ವರದಕ್ಷಿಣೆಯ ತಕ್ಕಡಿಗೆ ಹಾಕುವ ಒಂದೊಂದು ಕಲ್ಲು. ಆ ಕಲ್ಲು ಹಾಕುವವರಲ್ಲಿ ಹೆಚ್ಚಿನವರು ಗಂಡಸರೇ ಎಂದು ನಮ್ಮನ್ನು ನಾವು ಸಮಾಧಾನ ಮಾಡಿಕೊಳ್ಳಬಾರದು. ನಲ್ಲಿಯ ಹತ್ತಿರ, ರೇಷನ್ ಅಂಗಡಿಯ ಸಾಲಿನಲ್ಲಿ, ಕೆಲವೊಮ್ಮೆ ಸಂಘದ ಚಾಪೆಯ ಮೇಲೆಯೇ ನಾವೂ ಹಾಕಿದ್ದೇವೆ.

ಇನ್ನು, ಹೆಣ್ಣು ಹೋಟೆಲಿನಲ್ಲಿ ತಿನ್ನುವುದರ ಮೇಲೆ ಯಾಕಿಷ್ಟು ಸಿಟ್ಟು? ನಾನು ಓದುವಾಗ, ಎಪ್ಪತ್ತರ ದಶಕದ ಕೊನೆಯಲ್ಲಿ, ನಮ್ಮ ಕಡೆಯ ಹೋಟೆಲುಗಳಲ್ಲಿ "ಫ್ಯಾಮಿಲಿ ರೂಮ್" ಎಂದಿರುತ್ತಿತ್ತು. ಹೆಂಗಸರು ಪರದೆ ಎಳೆದ ಆ ಗೂಡಿನೊಳಗೆ ಕೂತು ತಿನ್ನಬೇಕು, ಅದೂ ಮನೆಯ ಗಂಡಸು ಜೊತೆಗಿದ್ದರೆ. ನಾವು ಇಬ್ಬರು ಗೆಳತಿಯರು ಒಮ್ಮೆ ಹಾಲಿನಲ್ಲಿ ಕೂತೆವು. ಮಾಣಿ ಬಂದು, "ಅಮ್ಮಾ, ಇಲ್ಲಿ ಕೂರಬೇಡಿ, ಎಲ್ಲರೂ ನೋಡುತ್ತಾರೆ" ಎಂದ. ನೋಡುವವರನ್ನು ಎಬ್ಬಿಸಲಿಲ್ಲ, ನಮ್ಮನ್ನು ಎಬ್ಬಿಸಿದ. ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಹುಟ್ಟಿದವು. ನಿಂತು ತಿನ್ನುವ ಜಾಗ, ಕಡಿಮೆ ದುಡ್ಡು, ಪರದೆಯಿಲ್ಲ. ಆಫೀಸಿನ ಹೆಂಗಸು, ಆಟೋ ಓಡಿಸುವವನು, ಕಾಲೇಜು ಹುಡುಗಿ, ಗಾರೆ ಕೆಲಸದವನು, ಎಲ್ಲರೂ ಒಂದೇ ಕಲ್ಲಿನ ಮೇಜಿನ ಸುತ್ತ. 2017ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನುಗಳು 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಡಲು ಆರಂಭಿಸಿದಾಗ ಆ ಮೇಜು ಇನ್ನಷ್ಟು ಉದ್ದವಾಯಿತು.

ನಮ್ಮ ಸಮಾಜಕ್ಕೆ ಹೆದರಿಕೆ ಇರುವುದು ಈ ಮೇಜಿನ ಬಗ್ಗೆ. ಒಂದು ಕಾಲದಲ್ಲಿ ಹೋಟೆಲುಗಳಲ್ಲಿ ಮೇಲುಜಾತಿಯವರಿಗೆ ಬೇರೆ ಪಂಕ್ತಿಯೇ ಇತ್ತು. ಯಾರ ಜೊತೆ ಕೂತು ಉಣ್ಣುತ್ತೇವೆ, ಯಾರಿಗೆ ಹೆಣ್ಣು ಕೊಡುತ್ತೇವೆ, ಈ ಎರಡರ ಮೇಲೆಯೇ ಜಾತಿ ನಿಂತಿರುವುದು. ಒಂದೇ ತಟ್ಟೆಯಲ್ಲಿ ತಿಂದವಳು ನಾಳೆ ಜಾತಿ ಕೇಳದೆ, ದುಡ್ಡು ಕೊಡದೆ ಮದುವೆಯಾಗಿಬಿಟ್ಟರೆ? ತನ್ನ ಜಾತಿಯಲ್ಲೇ ಗಂಡು ಹುಡುಕಬೇಕು ಎಂಬ ಬೇಲಿ ಇರುವುದರಿಂದಲೇ ನೌಕರಿ ಇರುವ ಗಂಡಿಗೆ ಇಷ್ಟು ಬೆಲೆ. ಬೇಲಿ ಬಿದ್ದರೆ ಬೆಲೆಯೂ ಬೀಳುತ್ತದೆ.

ಹಾಡಿನ ಕಥೆಯೂ ಇದೇ. ನಮ್ಮವರೇ ಆದ ಬೆಂಗಳೂರು ನಾಗರತ್ನಮ್ಮ, 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು, ತಮ್ಮ ಗಳಿಕೆಯಿಂದ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಿಸಿದರು. ಆದರೂ ಆರಾಧನೆಯಲ್ಲಿ ಹೆಂಗಸರು ಹಾಡಲು ಅವಕಾಶವಿರಲಿಲ್ಲ. ಅದಕ್ಕಾಗಿ ಅವರು ಹೆಂಗಸರದೇ ತಂಡ ಕಟ್ಟಿಕೊಂಡು ಹೋರಾಡಬೇಕಾಯಿತು. ಧಾರವಾಡದ ಗಂಗೂಬಾಯಿ ಹಾನಗಲ್ ಬಾಲ್ಯದಲ್ಲಿ ಬೀದಿಯಲ್ಲಿ ನಡೆದರೆ ಜನ "ಗಾನೇವಾಲಿ" ಎಂದು ಹಂಗಿಸುತ್ತಿದ್ದರು. ಅವರು ದೊಡ್ಡ ಗಾಯಕಿಯಾದ ಮೇಲೆ ಅದೇ ಸಮಾಜ ಸನ್ಮಾನ ಮಾಡಿತು. ನಮ್ಮ ಅಜ್ಜಿಯರು ರಾಗಿ ಬೀಸುತ್ತಾ ಅತ್ತೆಮನೆಯ ಕಷ್ಟವನ್ನೆಲ್ಲ ಹಾಡಿಕೊಂಡರು. ಬೀಸುವ ಕಲ್ಲಿನ ಮುಂದೆ ಹಾಡಿದರೆ ತಪ್ಪಿಲ್ಲ, ದುಡಿಮೆ ಸಾಗುತ್ತದೆ. ತನ್ನ ಸಂತೋಷಕ್ಕೆ ಒಂದು ಹಾಡು ಕೇಳಿದರೆ ಮಾತ್ರ ತಪ್ಪು. ಹೆಣ್ಣಿನ ಸಂತೋಷ ಯಾರ ಉಪಯೋಗಕ್ಕೂ ಬರುವುದಿಲ್ಲವಲ್ಲ, ಅದಕ್ಕೆ.

"ಮೇಡಂ, ನಿಮಗೇನು, ಭಾಷಣ ಮಾಡುತ್ತೀರಿ. ಊರಾಚೆ ಇರುವ ಹುಡುಗಿಗೆ ಏನಾದರೂ ಆದರೆ?" ಎಂದು ಸಭೆಯಲ್ಲಿ ಕೇಳಿದರು. ಸರಿಯಾದ ಪ್ರಶ್ನೆ. ಅಪಾಯವಿಲ್ಲ ಎಂದು ನಾನು ಹೇಳುವುದಿಲ್ಲ. 2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದರಲ್ಲಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದನ್ನು ದೇಶವೇ ಟಿ.ವಿ.ಯಲ್ಲಿ ನೋಡಿತು. 2018ರಲ್ಲಿ ಆರೋಪಿಗಳು ಖುಲಾಸೆಯಾದರು. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಕಾಲೇಜಿನ ಆವರಣದಲ್ಲೇ ಒಬ್ಬ ವಿದ್ಯಾರ್ಥಿನಿಯನ್ನು ಇರಿದು ಕೊಂದರು. ಆದರೆ ಈ ಎರಡರಲ್ಲೂ ಹೆಣ್ಣನ್ನು ಹೊಡೆದದ್ದು, ಕೊಂದದ್ದು ಯಾವುದು? ಅವಳು ತಿಂದದ್ದೇ, ಕುಡಿದದ್ದೇ, ಓದಿದ್ದೇ? ಅಲ್ಲ. ಹೆಣ್ಣು ತಾನು ಹೇಳಿದಂತೆ ಇರಬೇಕು ಎಂಬ ಗಂಡಸಿನ ಹಟ. ಅದೇ ಹಟ ತಾಳಿ ಕಟ್ಟಿದ ಮನೆಯೊಳಗೂ ಇದೆ. 2022ರಲ್ಲಿ ನಮ್ಮ ದೇಶದ ಪೊಲೀಸ್ ದಾಖಲೆಗೆ ಸೇರಿದ ವರದಕ್ಷಿಣೆ ಸಾವುಗಳು ಆರು ಸಾವಿರಕ್ಕೂ ಹೆಚ್ಚು. ಅವರೆಲ್ಲ ತಿಂಡಿ ಬೀದಿಯಲ್ಲಿ ಸತ್ತವರಲ್ಲ. ಹಿರಿಯರು ಜಾತಕ ನೋಡಿ, ಲಗ್ನಪತ್ರಿಕೆ ಬರೆಸಿ, ಅಕ್ಷತೆ ಹಾಕಿ ಕಳಿಸಿದ ಮನೆಗಳಲ್ಲೂ ಹೆಣ್ಣುಮಕ್ಕಳು ಹೀಗೆ ಸಾಯುತ್ತಲೇ ಇದ್ದಾರೆ. ಮನೆ ಸುರಕ್ಷಿತ, ಬೀದಿ ಅಪಾಯ ಎಂಬ ಪಾಠವನ್ನು ನಾವು ಎಷ್ಟು ಹೆಣಗಳ ಮುಂದೆ ಒಪ್ಪಿಸುವುದು?

ಹೆಣ್ಣುಮಕ್ಕಳಿಗೂ ಒಂದು ಮಾತು. ಪ್ರೀತಿಸಿದ ಹುಡುಗನೆಲ್ಲ ದೇವರಲ್ಲ. ನಿನ್ನ ಫೋನು ಕಿತ್ತುಕೊಂಡು ಯಾರ ಕರೆ ಬಂತೆಂದು ನೋಡುವವನು, ಯಾವ ಬಟ್ಟೆ ಹಾಕಬೇಕೆಂದು ಅಪ್ಪಣೆ ಕೊಡುವವನು, ಗೆಳತಿಯರನ್ನು ಬಿಡು ಎನ್ನುವವನು, ಫೋಟೋ ಹಾಕಿಬಿಡುತ್ತೇನೆ, ಕೈ ಕುಯ್ದುಕೊಳ್ಳುತ್ತೇನೆ ಎಂದು ಹೆದರಿಸುವವನು, ಇವನು ನಾಳೆ ಹೊಡೆಯುವ ಗಂಡ. ಒಂದು ಏಟಿನ ತನಕ ಕಾಯಬೇಡ, ಮೊದಲ ಅಪ್ಪಣೆಗೇ ಬಿಟ್ಟು ಬಾ. ಆದರೆ ಬಿಟ್ಟು ಬರಬೇಕಾದರೆ ಬರಲು ಒಂದು ಮನೆ ಬೇಕಲ್ಲ! "ನಿನಗೆ ಹೇಳಿರಲಿಲ್ಲವಾ" ಎಂದು ಹೊಡೆಯುವ ಅಪ್ಪ, ಕಾಲೇಜು ಬಿಡಿಸಿ ಮೂರು ವಾರದಲ್ಲಿ ಗಂಡು ತರುವ ಅಮ್ಮ ಇದ್ದರೆ ಆ ಹುಡುಗಿ ಯಾರ ಹತ್ತಿರ ಹೇಳಿಕೊಳ್ಳಬೇಕು? ಕದ್ದು ಪ್ರೀತಿಸುವವಳು ಕದ್ದೇ ಏಟು ತಿನ್ನುತ್ತಾಳೆ. ಮಗಳನ್ನು ಕಾಪಾಡುವುದು ಬೀಗವಲ್ಲ, ಅಮ್ಮನ ಹತ್ತಿರ ಹೇಳಬಹುದು ಎಂಬ ಧೈರ್ಯ.

ಕಾನೂನು ಏನು ಹೇಳುತ್ತದೆ, ನೆನಪಿಟ್ಟುಕೊಳ್ಳಿ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. ಶಿಕ್ಷೆ ಸಾಮಾನ್ಯವಾಗಿ ಐದು ವರ್ಷಕ್ಕೆ ಕಡಿಮೆಯಿಲ್ಲ. ಹಳೆಯ 498ಎ, 304ಬಿ ಕಲಮುಗಳು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಮತ್ತು 80ನೇ ಕಲಮುಗಳಾಗಿವೆ. 2005ರ ಕೌಟುಂಬಿಕ ಹಿಂಸೆ ಕಾಯಿದೆ ಗಂಡನ ಮನೆಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ತವರುಮನೆಗೂ ಅದು ಅನ್ವಯಿಸುತ್ತದೆ. ಅದರ ನಿಯಮಗಳ ಜೊತೆಯಿರುವ ದೂರಿನ ನಮೂನೆಯಲ್ಲಿ ಏನೇನು ಹಿಂಸೆ ಎಂದು ಪಟ್ಟಿಯಿದೆ: ಶಾಲೆ ಕಾಲೇಜಿಗೆ ಹೋಗದಂತೆ ತಡೆಯುವುದು, ಇಷ್ಟವಿಲ್ಲದ ಮದುವೆಗೆ ಒತ್ತಾಯಿಸುವುದು, ತಾನು ಆರಿಸಿಕೊಂಡವನನ್ನು ಮದುವೆಯಾಗದಂತೆ ತಡೆಯುವುದು. ನಾವು "ಬುದ್ಧಿ ಕಲಿಸುವುದು" ಎನ್ನುವುದನ್ನು ಕಾನೂನು ಹಿಂಸೆ ಎನ್ನುತ್ತದೆ. ಅಂಗನವಾಡಿಯ ಕೆಲಸಕ್ಕೆ ನೀವು ಭೇಟಿಯಾಗುವ ಸಿಡಿಪಿಒ ಅವರೇ ಈ ಕಾಯಿದೆಯ ಸಂರಕ್ಷಣಾಧಿಕಾರಿ. 181 ಮಹಿಳಾ ಸಹಾಯವಾಣಿ. 2021ರಲ್ಲಿ ಕರ್ನಾಟಕದ್ದೇ ಒಬ್ಬ ಉಪನ್ಯಾಸಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಬ್ಬರು ವಯಸ್ಕರು ಒಪ್ಪಿ ಮದುವೆಯಾದರೆ ಕುಟುಂಬದ, ಕುಲದ ಒಪ್ಪಿಗೆ ಬೇಕಿಲ್ಲ ಎಂದು ಹೇಳಿದೆ. ಜಾತಿಯ ಬಿಗುವು ಕಡಿಮೆಯಾಗಲು ಇಂಥ ಮದುವೆಗಳೇ ದಾರಿಯಾಗಬಹುದು ಎಂದೂ ಹೇಳಿದೆ.

ಆದರೆ ಠಾಣೆ, ಕೋರ್ಟಿಗಿಂತ ಮೊದಲು ನಮ್ಮ ಕೈಯಲ್ಲೇ ಒಂದು ಅಧಿಕಾರವಿದೆ: ಸಂಘದ ನಡಾವಳಿ ಪುಸ್ತಕ. ನಮ್ಮ ಸಭೆಯಲ್ಲಿ ನಾನು ನಾಲ್ಕು ಠರಾವು ಮುಂದಿಟ್ಟಿದ್ದೇನೆ. ವರದಕ್ಷಿಣೆ ಕೇಳಿದ ಮದುವೆಗೆ ಸಂಘದ ಒಂದು ರೂಪಾಯಿಯೂ ಹೋಗಬಾರದು. ಹೆಣ್ಣುಮಕ್ಕಳ ಓದಿನ ಅರ್ಜಿಗೆ ಮೊದಲ ಸರದಿ. ಯಾರ ಮಗಳ ಫೋಟೋ, ವಿಡಿಯೋ ನಮ್ಮ ಫೋನಿಗೆ ಬಂದರೂ ಅದನ್ನು ಇನ್ನೊಬ್ಬರಿಗೆ ಕಳಿಸದೆ ಅಳಿಸುವುದು, ಕಳಿಸಿದವನನ್ನು ಮುಖದ ಮೇಲೆಯೇ ಕೇಳುವುದು. ಕೊನೆಯದು ಎಲ್ಲಕ್ಕಿಂತ ಕಷ್ಟದ್ದು: ಗಂಡುಮಕ್ಕಳ ತಾಯಂದಿರಾದ ನಾವು, ಮಗನಿಗೆ ವರದಕ್ಷಿಣೆ ತೆಗೆದುಕೊಳ್ಳುವುದಿಲ್ಲ ಎಂದು ಅದೇ ಪುಸ್ತಕದಲ್ಲಿ ಸಹಿ ಮಾಡುವುದು. ನಾಲ್ಕನೆಯದನ್ನು ಓದಿದಾಗ ಸಭೆ ಸ್ವಲ್ಪ ಹೊತ್ತು ಮೌನವಾಗಿತ್ತು. ಮಗಳ ತಾಯಿಯಾಗಿ ಅಳುವವಳು ಮಗನ ತಾಯಿಯಾಗಿ ಎಣಿಸುತ್ತಾಳೆ ಎಂಬುದನ್ನು ನಾವೆಲ್ಲ ಬಲ್ಲೆವು.

ಆ ತಾಯಿಯ ಅರ್ಜಿ ತೀರ್ಮಾನವಾಗದೆ ಉಳಿದಿದೆ. ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ನಾವು ಹೌದೋ ಅಲ್ಲವೋ ಹೇಳಿರುತ್ತೇವೆ. ಹುಡುಗಿ ಸದ್ಯ ಊರಿನಲ್ಲಿದ್ದಾಳೆ. ಫೋನು ಅಪ್ಪನ ಹತ್ತಿರ, ಹಾಲ್ ಟಿಕೆಟು ಅವಳ ಪುಸ್ತಕದೊಳಗೆ. ಪರೀಕ್ಷೆಯ ದಿನ ನಾನೇ ಜೊತೆಗೆ ಹೋಗಿ ಬಸ್ಸು ಹತ್ತಿಸುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ. 1992ರಲ್ಲಿ ನಾನು ಬರೆದ ಆ ಒಂದು ಸಾಲನ್ನು ಅಳಿಸಲು ಬರುವುದಿಲ್ಲ. ಈ ಬಾರಿ ನನ್ನ ಸಹಿ ಬೇರೆ ಸಾಲಿನ ಕೆಳಗೆ ಇರುತ್ತದೆ.

ನಿಮ್ಮ ಸಂಘಕ್ಕೂ ಇಂಥ ಅರ್ಜಿ ಬಂದೇ ಬರುತ್ತದೆ. ಬಂದ ದಿನ ಚಾಪೆಯ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡಬೇಡಿ. "ಯಾಕಮ್ಮ ಈಗ ಮದುವೆ?" ಎಂದು ಯಾರಾದರೂ ಒಬ್ಬರು ಕೇಳಿ. ಉಳಿದವರು ಅವಳ ಹಿಂದೆ ನಿಲ್ಲಿ.